ಎರಡು ಲೇಸರ್ ಡಯೋಡ್ ಹೋದವು, ಮೂರನೆಯದನ್ನು ಉಳಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ರಾಜಾಜಿನಗರದಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. ರೇಷ್ಮೆ ಎಳೆಯ ದಪ್ಪವನ್ನು ಲೇಸರ್ ಬೆಳಕಿನಿಂದ ಅಳೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಎಸ್.ಪಿ. ರೋಡಿನಿಂದ 650 ನ್ಯಾನೊಮೀಟರ್, 5 ಮಿಲಿವಾಟ್‌ನ ಮೂರು ಕೆಂಪು ಲೇಸರ್ ಡಯೋಡ್ ತಂದೆ. ಮೊದಲನೆಯದನ್ನು 5 ವೋಲ್ಟ್ ಮೊಬೈಲ್ ಚಾರ್ಜರಿಗೆ 100 ಓಮ್ ರೆಸಿಸ್ಟರ್ ಹಾಕಿ ಕೊಟ್ಟೆ. ಎರಡು ದಿನ ಮಧ್ಯಾಹ್ನ ಚೆನ್ನಾಗಿ ಉರಿಯಿತು, ಮೂರನೇ ದಿನ ಬೆಳಗ್ಗೆ ಆನ್ ಮಾಡಿ ಸ್ವಲ್ಪ ಹೊತ್ತಿಗೆ ಮಂಕಾಯಿತು. ಎರಡನೆಯದಕ್ಕೆ ಎಲ್‌ಎಂ 317 ರೆಗ್ಯುಲೇಟರ್ ಐಸಿ ಇಟ್ಟು 47 ಓಮ್ ರೆಸಿಸ್ಟರಿನಿಂದ ಸ್ಥಿರ ಕರೆಂಟ್ ಸರ್ಕ್ಯೂಟ್ ಮಾಡಿದೆ, ಔಟ್‌ಪುಟ್ ಪಿನ್ನಿಗೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂಡ ಹಾಕಿದ್ದೆ. ಮಲ್ಟಿಮೀಟರಿನ ರೇಂಜ್ ತಿರುಗಿಸುವಾಗ ಅದೂ ಹೋಯಿತು. ಎರಡೂ ಈಗಲೂ ಉರಿಯುತ್ತವೆ, ಆದರೆ ಎಲ್‌ಇಡಿ ತರಹ. ಎಲ್‌ಎಂ 317 ಇದಕ್ಕೆ ಆಗಲ್ಲವಾ? ಆಪ್‌ಆಂಪ್ ಬೇಕಾ? ಮೂರನೆಯದಕ್ಕೆ ಎಷ್ಟು ಕರೆಂಟ್ ಕೊಡಲಿ?

ಉತ್ತರ: ಮೊದಲು ಮೂರನೇ ಡಯೋಡಿನ ಕಾಲುಗಳನ್ನು ಒಂದು ತೆಳು ತಾಮ್ರದ ತಂತಿಯಿಂದ ಸುತ್ತಿ ಒಂದಕ್ಕೊಂದು ಶಾರ್ಟ್ ಮಾಡಿ ಪಕ್ಕಕ್ಕಿಡಿ. ಡ್ರೈವರ್, ಅಂದರೆ ಡಯೋಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್, ಪೂರ್ತಿ ತಯಾರಾಗಿ, ಡಮ್ಮಿ ಲೋಡಿನ (ಲೇಸರಿನ ಬದಲು ಇಡುವ ನಕಲಿ) ಮೇಲೆ ಪರೀಕ್ಷೆ ಆಗುವವರೆಗೆ ಅದನ್ನು ಮುಟ್ಟಬೇಡಿ. ಇನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಎಲ್‌ಎಂ 317 ಸರ್ಕ್ಯೂಟಿನ ಲೆಕ್ಕ ಸರಿಯಾಗಿಯೇ ಇದೆ. ಆ ಐಸಿ ತನ್ನ ಔಟ್ ಮತ್ತು ಅಡ್ಜಸ್ಟ್ ಪಿನ್ನುಗಳ ನಡುವೆ ಯಾವಾಗಲೂ 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. ನಡುವೆ 47 ಓಮ್ ಇಟ್ಟರೆ 1.25 ಭಾಗಿಸು 47, ಅಂದರೆ 26.6 ಮಿಲಿಆಂಪ್. ಈ ಜಾತಿಯ ಡಯೋಡಿಗೆ ಅದು ಒಳ್ಳೆಯ ಕರೆಂಟ್. ಹಾಗಿದ್ದರೂ ಡಯೋಡ್ ಹೋಯಿತು, ಯಾಕೆಂದರೆ ನೀವು ಲೆಕ್ಕ ಹಾಕಿದ್ದು ಎಲ್ಲವೂ ಸರಿಯಾಗಿ ಜೋಡಿಸಿಕೊಂಡು ಕೂತಿರುವಾಗಿನ ಕರೆಂಟನ್ನು ಮಾತ್ರ. ತಂತಿ ಸಡಿಲವಾದಾಗ, ಮೀಟರಿನ ಗುಬುಟು ತಿರುಗಿದಾಗ, ಕರೆಂಟ್ ಹೋಗಿ ಬಂದಾಗ, ಪ್ರಿಸೆಟ್ (ತಿರುಗಿಸಿ ಓಮ್ ಬದಲಿಸುವ ಪುಟ್ಟ ರೆಸಿಸ್ಟರ್) ಒಳಗೆ ಧೂಳು ಸೇರಿದಾಗ ಗರಿಷ್ಠ ಎಷ್ಟು ಹರಿಯಬಹುದು ಅನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಲೇಸರ್ ಡಯೋಡ್ ಸಾಯುವುದು ಹೆಚ್ಚಾಗಿ ಆ ಗಳಿಗೆಗಳಲ್ಲೇ. ಈ ಉತ್ತರದಲ್ಲಿ ನಾನು ಮತ್ತೆ ಮತ್ತೆ ಅದೇ ಪ್ರಶ್ನೆಗೆ ಬರುತ್ತೇನೆ.

ನಿಮ್ಮ ಎರಡನೇ ಡಯೋಡಿನ ಕೊನೆಯ ಕ್ಷಣವನ್ನೇ ತೆಗೆದುಕೊಳ್ಳಿ. ಅಡಾಪ್ಟರ್ 9 ವೋಲ್ಟ್ ಇತ್ತು ಅಂದುಕೊಳ್ಳುತ್ತೇನೆ. ಮಲ್ಟಿಮೀಟರನ್ನು ಡಯೋಡಿನ ಜತೆ ಸೀರೀಸಿನಲ್ಲಿ ಹಾಕಿ 200 ಮಿಲಿಆಂಪ್ ರೇಂಜಿನಿಂದ ಪಕ್ಕದ ರೇಂಜಿಗೆ ತಿರುಗಿಸಿದಿರಿ. ಎರಡು ರೇಂಜುಗಳ ನಡುವೆ ಒಳಗಿನ ಸಂಪರ್ಕ ಒಂದು ಕ್ಷಣ ಬಿಟ್ಟುಹೋಗುತ್ತದೆ. ಕರೆಂಟ್ ನಿಂತಿತು. ಆದರೆ ಎಲ್‌ಎಂ 317 ಗೆ ಹೇಗೆ ಗೊತ್ತಾಗಬೇಕು? ತನ್ನ 26.6 ಮಿಲಿಆಂಪ್ ಬರುತ್ತಿಲ್ಲ ಅಂತ ಅದು ಔಟ್‌ಪುಟ್ಟನ್ನು ಏರಿಸುತ್ತಲೇ ಹೋಗುತ್ತದೆ, ಸುಮಾರು ಏಳೂವರೆ ವೋಲ್ಟಿನವರೆಗೆ. ನೀವಿಟ್ಟ 10 ಮೈಕ್ರೊಫ್ಯಾರಡ್ ಕೆಪಾಸಿಟರೂ ಅಷ್ಟಕ್ಕೆ ತುಂಬಿಕೊಳ್ಳುತ್ತದೆ. ಗುಬುಟು ಮುಂದಿನ ರೇಂಜಿಗೆ ಕೂತ ತಕ್ಷಣ ತುಂಬಿದ ಕೆಪಾಸಿಟರು 47 ಓಮ್ ಮೂಲಕ ಡಯೋಡಿಗೆ ಸುರಿಯುತ್ತದೆ. ಏಳೂವರೆಯಲ್ಲಿ ಡಯೋಡಿನ 2.2 ವೋಲ್ಟ್ ಕಳೆದು 47 ರಿಂದ ಭಾಗಿಸಿ: ಸುಮಾರು 110 ಮಿಲಿಆಂಪ್. ಅದು ಇಳಿಯಲು ಅರ್ಧ ಮಿಲಿಸೆಕೆಂಡು ಹಿಡಿಯುತ್ತದೆ. ನಮ್ಮ ಕಣ್ಣಿಗೆ ಅದು ಏನೂ ಅಲ್ಲ, ಲೇಸರ್ ಡಯೋಡಿಗೆ ಮಾತ್ರ ಅದು ಬೇಕಾದಷ್ಟಾಯಿತು.

ನನಗೂ ಇದೇ ಆಗಿದೆ. ಬಹಳ ವರ್ಷದ ಹಿಂದೆ ಮನೆಯ ಮೇಜಿನ ಮೇಲೆ, ಇದೇ ಐಸಿ, ಇದೇ ತಪ್ಪು. ಗೋಡೆಯ ಮೇಲಿದ್ದ ಕೆಂಪು ಚುಕ್ಕಿ ಒಂದು ಸಲ ಫಳ್ ಅಂತು, ಆಮೇಲೆ ಅಗಲವಾದ ಮಂಕು ಕಲೆಯಾಗಿ ನಿಂತಿತು. ಆಗ ನಾನು ಡಯೋಡ್ ಕಳಪೆ ಅಂದುಕೊಂಡಿದ್ದೆ. ಇನ್ನೊಂದು ತಂದು ಮತ್ತೆ ಅದೇ ಮೀಟರಿಗೆ ಹಾಕಿದೆ, ಅದೂ ಹೋಯಿತು. ಆಮೇಲೆ ಪೇಪರ್ ಪೆನ್ನು ಹಿಡಿದು ಕೂತಾಗಲೇ ಕೆಪಾಸಿಟರಿನ ಲೆಕ್ಕ ಹೊಳೆದದ್ದು.

ಹೋದ ಡಯೋಡ್ ಎಲ್‌ಇಡಿ ತರಹ ಉರಿಯುತ್ತದೆ ಅಂದಿರಲ್ಲ, ಅದು ಬಹಳ ಸರಿಯಾದ ಗಮನಿಕೆ. ಲೇಸರ್ ಡಯೋಡಿನ ಒಳಗೆ ಒಂದು ಸಣ್ಣ ಹರಳಿದೆ. ಅದರ ಎರಡು ತುದಿಗಳೇ ಕನ್ನಡಿಗಳು. ಬೆಳಕು ಆ ಕನ್ನಡಿಗಳ ನಡುವೆ ಹೋಗಿ ಬಂದು ಬಲಿತು ಹೊರಗೆ ಬರುತ್ತದೆ. ಬೆಳಕು ಹೊರಬೀಳುವ ಜಾಗ ಎಷ್ಟು ಚಿಕ್ಕದೆಂದರೆ 5 ಮಿಲಿವಾಟ್ ಕೂಡ ಅಲ್ಲಿ ಭಾರೀ ಒತ್ತಡ. ಬೆಳಕು ಮಿತಿ ಮೀರಿದರೆ ಕನ್ನಡಿಯ ಮುಖವೇ ಕಾದು ಕರಗಿ ಹೋಗುತ್ತದೆ, ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ. ಹರಳಿನ ಉಳಿದ ಭಾಗ ಹಾಗೇ ಇರುತ್ತದೆ, ಕರೆಂಟ್ ಹರಿಯುತ್ತದೆ, ಬೆಳಕೂ ಬರುತ್ತದೆ. ಕನ್ನಡಿ ಇಲ್ಲದ ಲೇಸರ್ ಅಂದರೆ ಎಲ್‌ಇಡಿಯೇ ಅಲ್ವಾ? ಫ್ಯೂಸ್ ಹಾಕಿ ಇದನ್ನು ತಡೆಯಲು ಆಗುವುದಿಲ್ಲ, ಫ್ಯೂಸಿಗೆ ಅಷ್ಟು ವೇಗ ಇಲ್ಲ.

ಮೊದಲನೇ ಡಯೋಡಿನ ಕತೆ ಬೇರೆ. ಇಲ್ಲಿ ಹೊಸಿಲಿನ ವಿಷಯ ಬರುತ್ತದೆ. ಲೇಸರ್ ಡಯೋಡಿಗೆ ಒಂದು ಥ್ರೆಶೋಲ್ಡ್ ಕರೆಂಟ್ ಇದೆ. ಅದನ್ನು ದಾಟುವವರೆಗೆ ಅದು ಮಂದ ಎಲ್‌ಇಡಿ, ದಾಟಿದ ಮೇಲೆ ಲೇಸರ್. ದಾಟಿದ ನಂತರ ಪ್ರತಿ ಮಿಲಿಆಂಪಿಗೂ ಬೆಳಕು ಸರಸರ ಏರುತ್ತದೆ. ನಿಮ್ಮ ತರಹದ ಡಯೋಡಿಗೆ ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳೋಣ: 27 ಡಿಗ್ರಿಯಲ್ಲಿ ಹೊಸಿಲು 20 ಮಿಲಿಆಂಪ್, ಅದರ ಮೇಲೆ ಪ್ರತಿ ಮಿಲಿಆಂಪಿಗೆ ಅರ್ಧ ಮಿಲಿವಾಟ್. ಚಾರ್ಜರ್ ಸರಿಯಾಗಿ 5 ವೋಲ್ಟ್ ಕೊಟ್ಟರೆ 100 ಓಮ್ ಮೂಲಕ 28 ಮಿಲಿಆಂಪ್, ಬೆಳಕು 4 ಮಿಲಿವಾಟ್. ಚೆನ್ನಾಗಿದೆ. ಆದರೆ ಯುಎಸ್‌ಬಿ ಚಾರ್ಜರ್ 5.25 ವೋಲ್ಟ್ ಕೊಟ್ಟರೂ ನಿಯಮದ ಒಳಗೇ ಇರುತ್ತದೆ. ಆಗ ಕರೆಂಟ್ 30.5 ಮಿಲಿಆಂಪ್, ಬೆಳಕು 5.25 ಮಿಲಿವಾಟ್. ನೋಡಿ, ವೋಲ್ಟೇಜ್ ನೂರಕ್ಕೆ ಐದು ಏರಿದರೆ ಬೆಳಕು ನೂರಕ್ಕೆ ಮೂವತ್ತು ಏರಿತು. ಸಾದಾ ಎಲ್‌ಇಡಿ ಇದನ್ನು ಸಹಿಸಿಕೊಳ್ಳುತ್ತದೆ.

ಇದಕ್ಕೆ ಈಗ ಚಳಿ ಸೇರಿಸಿ. ಲೇಸರ್ ಡಯೋಡ್ ತಣ್ಣಗಾದಷ್ಟೂ ಹೊಸಿಲು ಕೆಳಗೆ ಇಳಿಯುತ್ತದೆ. ನಮ್ಮ ಬೆಂಗಳೂರಿನ ಜನವರಿಯಲ್ಲಿ ಮಧ್ಯಾಹ್ನ 27 ಡಿಗ್ರಿ, ಬೆಳಗಿನ ಜಾವ 15 ಡಿಗ್ರಿ ಅನ್ನುವುದು ಮಾಮೂಲಿ. ಆ ಹನ್ನೆರಡು ಡಿಗ್ರಿಗೆ 20 ಇದ್ದ ಹೊಸಿಲು ಸುಮಾರು 17.2 ಮಿಲಿಆಂಪಿಗೆ ಬರುತ್ತದೆ. ಕರೆಂಟ್ ಅದೇ 28 ಇದ್ದರೂ ಬೆಳಕು 5.4 ಮಿಲಿವಾಟ್ ಆಗುತ್ತದೆ. ಚಾರ್ಜರ್ ಕೂಡ ಮೇಲಿನ ಅಂಚಿನಲ್ಲಿದ್ದರೆ 6.6. ಡಯೋಡಿನ ಮೇಲೆ ಬರೆದ 5 ಮಿಲಿವಾಟ್ ಆಗಲೇ ದಾಟಿ ಹೋಗಿದೆ. ನೀವು ಮಧ್ಯಾಹ್ನ ಸರಿಹೊಂದಿಸಿ, ಬೆಳಗ್ಗೆ ಹಲ್ಲುಜ್ಜಿ ಬಂದು ಮೊದಲ ಕೆಲಸವಾಗಿ ಆನ್ ಮಾಡಿದ್ದೀರಿ ಅನಿಸುತ್ತದೆ. ಚಳಿಯೊಂದೇ ಅದನ್ನು ಕೊಂದಿತು ಅಂತ ನಾನು ಹೇಳುವುದಿಲ್ಲ. ಚಾರ್ಜರನ್ನು ಪ್ಲಗ್ಗಿಗೆ ಚುಚ್ಚುವಾಗಿನ ಏರುಪೇರು, ಬೆರಳಿನ ಸ್ಟ್ಯಾಟಿಕ್, ಇವೆಲ್ಲ ಜತೆಗೂಡಿ ಕೆಲಸ ಮಾಡಿರಬಹುದು. ಆದರೆ ಮಿತಿಯ ಅಂಚಿನಲ್ಲಿ ಓಡಿಸುತ್ತಿದ್ದ ಡಯೋಡಿಗೆ ಸಣ್ಣ ತಳ್ಳು ಸಾಕು.

ಇದರಿಂದ ಒಂದು ವಿಷಯ ಸ್ಪಷ್ಟ. ಸ್ಥಿರ ಕರೆಂಟ್ ಅಂದರೆ ಸ್ಥಿರ ಬೆಳಕು ಅಲ್ಲ. ಹಾಗಾಗಿ ಕರೆಂಟನ್ನು ಚಳಿಯ ಬೆಳಗಿಗೆ ಲೆಕ್ಕ ಹಾಕಿ ಇಡಿ. ಏಪ್ರಿಲ್ ಮಧ್ಯಾಹ್ನ ಬೆಳಕು ಸ್ವಲ್ಪ ಕಡಿಮೆಯಾದರೆ ಆಗಲಿ, ನಿಮ್ಮ ಪ್ರಾಜೆಕ್ಟಿಗೆ ಅದರಿಂದ ಏನೂ ತೊಂದರೆ ಇಲ್ಲ. ರೇಷ್ಮೆ ಎಳೆಯ ದಪ್ಪ ಸಿಗುವುದು ಎಳೆಯ ಅಂಚಿನಲ್ಲಿ ಬಾಗಿ ಹರಡಿದ ಬೆಳಕು ಪರದೆಯ ಮೇಲೆ ಮೂಡಿಸುವ ಕಪ್ಪು ಪಟ್ಟಿಗಳ ಅಂತರದಿಂದ, ಬೆಳಕಿನ ಪ್ರಮಾಣದಿಂದ ಅಲ್ಲ. ನಿಮಗೆ ಮುಖ್ಯವಾಗುವುದು ಬೆಳಕಿನ ಅಲೆಯುದ್ದ. ಅದು ಡಿಗ್ರಿಗೆ ಸುಮಾರು 0.2 ನ್ಯಾನೊಮೀಟರ್ ಜರುಗುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸಕ್ಕೆ 4 ನ್ಯಾನೊಮೀಟರ್, 650 ರಲ್ಲಿ ಅದು ನೂರಕ್ಕೆ 0.6. ಅಷ್ಟೇ ತಪ್ಪು ನೇರವಾಗಿ ನಿಮ್ಮ ದಪ್ಪದ ಲೆಕ್ಕಕ್ಕೂ ಬರುತ್ತದೆ. ಡಯೋಡನ್ನು ಹಿತ್ತಾಳೆ ಹೌಸಿಂಗಿನಲ್ಲಿ ಕೂರಿಸಿ ಹತ್ತು ನಿಮಿಷ ಬಿಟ್ಟು ಆಮೇಲೆ ಅಳೆಯಿರಿ, ರೂಮಿನ ಉಷ್ಣತೆ ಬರೆದಿಟ್ಟುಕೊಳ್ಳಿ. ಸಾಕು.

ಈಗ ಎಲ್‌ಎಂ 317 ಸಾಕಾ ಅನ್ನುವುದಕ್ಕೆ ಬರುತ್ತೇನೆ. ಸಾಕು, ನಾಲ್ಕು ಬದಲಾವಣೆಯ ಜತೆ. ಒಂದು, ಔಟ್ ಪಿನ್ನಿನ ಮೇಲಿನ ಕೆಪಾಸಿಟರ್ ತೆಗೆದುಬಿಡಿ. ಇನ್‌ಪುಟ್ ಕಡೆ 0.1 ಮೈಕ್ರೊಫ್ಯಾರಡ್ ಇರಲಿ, ಅದು ಬೇಕು. ಎರಡು, ಅಡ್ಜಸ್ಟ್ ಪಿನ್ನಿನಿಂದ ಡಯೋಡಿಗೆ ಹೋಗುವ ದಾರಿಯಲ್ಲಿ ಒಂದು 100 ಓಮ್ ರೆಸಿಸ್ಟರ್ ಸೀರೀಸಿನಲ್ಲಿ ಹಾಕಿ. ಸ್ಥಿರ ಕರೆಂಟ್ ಇರುವಾಗ ಇದೇಕೆ ಅಂತ ಕೇಳಬಹುದು. ಇದು ಬೇಲಿ. ಐಸಿ ಒಳಗೆ ಶಾರ್ಟ್ ಆಗಿ 9 ವೋಲ್ಟ್ ನೇರವಾಗಿ ಬಂದರೆ, ಈ ರೆಸಿಸ್ಟರ್ ಇಲ್ಲದಿದ್ದಾಗ 145 ಮಿಲಿಆಂಪ್ ಹರಿಯುತ್ತದೆ, ಇದ್ದರೆ 46. ನಲವತ್ತಾರೂ ಜಾಸ್ತಿಯೇ, ಒಪ್ಪುತ್ತೇನೆ, ಆದರೆ 145 ಕ್ಕಿಂತ ಎಷ್ಟೋ ವಾಸಿ. ಇದಕ್ಕೆ ತೆರುವ ಬೆಲೆ 2.7 ವೋಲ್ಟ್. ಒಟ್ಟು ಲೆಕ್ಕ ಹೀಗೆ: ಡಯೋಡಿಗೆ 2.2, ಬೇಲಿಗೆ 2.7, ಕರೆಂಟ್ ನಿಗದಿ ಮಾಡುವ ಆ 47 ಓಮ್ ರೆಸಿಸ್ಟರಿಗೆ 1.25, ಐಸಿಗೆ 2. ಎಲ್ಲ ಸೇರಿ 8.1 ವೋಲ್ಟ್ ಚಿಲ್ಲರೆ. ಅಂದರೆ 9 ವೋಲ್ಟಿನ ಒಳ್ಳೆಯ ರೆಗ್ಯುಲೇಟೆಡ್ ಅಡಾಪ್ಟರ್ ಬೇಕು, ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಗ ಕೆಳಗೆ ಬೀಳುತ್ತದೆ. 5 ವೋಲ್ಟಿನಲ್ಲಂತೂ ಈ ಸರ್ಕ್ಯೂಟ್ ನಡೆಯುವುದೇ ಇಲ್ಲ.

ಮೂರು, ಡಯೋಡಿನ ಎರಡು ಕಾಲಿಗೆ, ಡಯೋಡಿನ ಹತ್ತಿರವೇ, 10 ಮೈಕ್ರೊಫ್ಯಾರಡ್ ಕೆಪಾಸಿಟರ್, 0.1 ಮೈಕ್ರೊಫ್ಯಾರಡ್ ಸೆರಾಮಿಕ್, ಮತ್ತು ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್ 4148 ಸಾದಾ ಡಯೋಡ್ ಬೆಸುಗೆ ಹಾಕಿ. ಬ್ರೆಡ್‌ಬೋರ್ಡ್ ಬೇಡವೇ ಬೇಡ. ಕೆಪಾಸಿಟರ್ ಒಂದು ಕಡೆ, ಡಯೋಡ್ ತಂತಿಯ ಇನ್ನೊಂದು ತುದಿಯಲ್ಲಿ ಇದ್ದರೆ ಅದು ಕೊಲೆಗಾರ. ಡಯೋಡಿಗೇ ಅಂಟಿಕೊಂಡಿದ್ದರೆ ಅದೇ ಕಾವಲುಗಾರ. ಯಾಕೆಂದರೆ ಇವೆರಡೂ ಯಾವತ್ತೂ ಬೇರೆಯಾಗದಿದ್ದರೆ ಕೆಪಾಸಿಟರಿನ ವೋಲ್ಟೇಜ್ ಡಯೋಡಿನ 2.2 ವೋಲ್ಟ್ ದಾಟಲು ದಾರಿಯೇ ಇಲ್ಲ. ಆನ್ ಮಾಡಿದಾಗ 26.6 ಮಿಲಿಆಂಪ್ ಮೊದಲು ಕೆಪಾಸಿಟರನ್ನು ತುಂಬುತ್ತದೆ, ಅದಕ್ಕೆ ಒಂದು ಮಿಲಿಸೆಕೆಂಡಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಅಷ್ಟರಲ್ಲಿ ಐಸಿ ಸುಧಾರಿಸಿಕೊಂಡಿರುತ್ತದೆ. ಉಲ್ಟಾ ಡಯೋಡ್ ಯಾಕೆಂದರೆ ಈ ಜಾತಿಯ ಲೇಸರ್ ಡಯೋಡುಗಳು ಹಿಂದಿನಿಂದ ಬರುವ ವೋಲ್ಟೇಜ್ ಎರಡಕ್ಕಿಂತ ಜಾಸ್ತಿ ತಡೆಯುವುದಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಡಯೋಡಿಗೆ ಅಡ್ಡಲಾಗಿ ಒಂದು ಸಣ್ಣ ಸ್ಲೈಡ್ ಸ್ವಿಚ್. ಅದು ಮುಚ್ಚಿದ್ದರೆ ಡಯೋಡ್ ಶಾರ್ಟ್, ಅದರ ಮೂಲಕ ಏನೂ ಹರಿಯುವುದಿಲ್ಲ. ಸ್ವಿಚ್ ಮುಚ್ಚಿಟ್ಟು ಪವರ್ ಆನ್ ಮಾಡಿ, ಎರಡು ಸೆಕೆಂಡ್ ಕಾಯಿರಿ, ಡ್ರೈವರ್ ತನ್ನ ಕರೆಂಟನ್ನು ಸ್ವಿಚ್ಚಿನ ಮೂಲಕ ಹರಿಸಿಕೊಂಡು ಸ್ಥಿರವಾಗಿರುತ್ತದೆ. ಆಮೇಲೆ ಸ್ವಿಚ್ ತೆರೆಯಿರಿ, ಅದೇ ಕರೆಂಟ್ ಸುಮ್ನೆ ಡಯೋಡಿನ ಕಡೆ ತಿರುಗುತ್ತದೆ. ಆಫ್ ಮಾಡುವಾಗ ಮೊದಲು ಸ್ವಿಚ್ ಮುಚ್ಚಿ, ಆಮೇಲೆ ಪವರ್ ತೆಗೆಯಿರಿ. ಪ್ರಯೋಗಾಲಯದ ದುಬಾರಿ ಡ್ರೈವರುಗಳಲ್ಲೂ ಇದೇ ಉಪಾಯ ಇರುತ್ತದೆ, ಅಲ್ಲಿ ರಿಲೇ ಈ ಕೆಲಸ ಮಾಡುತ್ತದೆ. ನಡುವೆ ಮನೆಯ ಕರೆಂಟ್ ಹೋದರೆ, ವಾಪಸ್ ಬರುವುದರೊಳಗೆ ಸ್ವಿಚ್ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ.

ಪಿನ್ನುಗಳ ಬಗ್ಗೆ ಒಂದು ಮಾತು. ಎಲ್‌ಎಂ 317 ದೊಡ್ಡ ಪ್ಯಾಕೇಜಿನಲ್ಲಿ ಅಕ್ಷರಗಳ ಮುಖ ನಿಮ್ಮ ಕಡೆ ಇದ್ದಾಗ ಎಡದಿಂದ ಅಡ್ಜಸ್ಟ್, ಔಟ್, ಇನ್. 5 ವೋಲ್ಟಿನ 7805 ರೆಗ್ಯುಲೇಟರಿನ ಹಾಗೆ ಅಂದುಕೊಂಡು ಹಾಕಿ ಕೆಡಿಸಿಕೊಳ್ಳುವವರು ಬಹಳ. ಹಿಂದಿನ ಲೋಹದ ತಗಡು ಕೂಡ ಔಟ್, ಗ್ರೌಂಡ್ ಅಲ್ಲ. ಲೋಡ್ ಹೊರಡುವುದು ಅಡ್ಜಸ್ಟ್ ಪಿನ್ನಿನ ಕಡೆಯಿಂದ, ಇದನ್ನು ಮರೆತರೆ ಇದು ಕರೆಂಟ್ ಸರ್ಕ್ಯೂಟೇ ಆಗುವುದಿಲ್ಲ. ಬಿಸಿಯ ಚಿಂತೆ ಬೇಡ, ಐಸಿಯಲ್ಲಿ ಕರಗುವುದು ಕಾಲು ವಾಟಿಗಿಂತಲೂ ಕಡಿಮೆ.

ಕರೆಂಟ್ ಹೊಂದಿಸಿಕೊಳ್ಳಬೇಕು ಅಂದರೆ 47 ರ ಬದಲು 39 ಓಮ್ ಮತ್ತು 50 ಓಮ್ ಪ್ರಿಸೆಟ್ ಸೀರೀಸಿನಲ್ಲಿ ಹಾಕಿ. ಪೂರ್ತಿ ಒಂದು ಕಡೆ ತಿರುಗಿಸಿದರೆ 14 ಮಿಲಿಆಂಪ್, ಇನ್ನೊಂದು ಕಡೆ 32. ಪ್ರಿಸೆಟ್ ಸಂಪರ್ಕ ಬಿಟ್ಟರೆ ಕರೆಂಟ್ ಇಳಿಯುತ್ತದೆ, ಏರುವುದಿಲ್ಲ. ಎಲ್‌ಎಂ 317 ನಲ್ಲಿ ನನಗೆ ಮೆಚ್ಚುಗೆಯಾಗುವ ಗುಣ ಇದು.

ಆಪ್‌ಆಂಪ್ ಸರ್ಕ್ಯೂಟ್ ಇನ್ನೂ ನಿಖರ, 5 ವೋಲ್ಟಿನಲ್ಲೇ ಲೇಸರ್ ಓಡಿಸಬಹುದು, ಆದರೆ ಅದು ತಪ್ಪಿದಾಗ ಕೆಟ್ಟದಾಗಿ ತಪ್ಪುತ್ತದೆ. ಹೇಗಿರುತ್ತದೆ ಅಂದರೆ: 9 ವೋಲ್ಟ್ ಅಡಾಪ್ಟರ್, ಅದರಿಂದ 7805 ಮೂಲಕ 5 ವೋಲ್ಟ್. ಲೇಸರ್ 5 ವೋಲ್ಟಿನಿಂದ ಹೊರಟು, 2ಎನ್ 7000 ಮಾಸ್ಫೆಟ್ (ಗೇಟ್ ಅನ್ನುವ ಕಾಲಿನ ವೋಲ್ಟೇಜಿಗೆ ತಕ್ಕಂತೆ ಕರೆಂಟ್ ಬಿಡುವ ಟ್ರಾನ್ಸಿಸ್ಟರ್) ಮೂಲಕ ಹಾದು, ಕೆಳಗೆ 10 ಓಮ್ ರೆಸಿಸ್ಟರಿನಿಂದ ಗ್ರೌಂಡಿಗೆ. 28 ಮಿಲಿಆಂಪ್ ಹರಿದರೆ ಆ 10 ಓಮ್ ಮೇಲೆ 280 ಮಿಲಿವೋಲ್ಟ್ ಬರುತ್ತದೆ. ಎಲ್‌ಎಂ 358 ಅನ್ನುವ ಆಪ್‌ಆಂಪ್ ಅದನ್ನು ನೋಡುತ್ತಾ, ನೀವು ಕೊಟ್ಟ 280 ಮಿಲಿವೋಲ್ಟ್ ರೆಫರೆನ್ಸಿಗೆ ಸಮ ಆಗುವವರೆಗೆ ಮಾಸ್ಫೆಟ್ಟಿನ ಗೇಟನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ರೆಫರೆನ್ಸಿಗೆ ಟಿಎಲ್ 431 ಅನ್ನುವ ಸ್ಥಿರ ವೋಲ್ಟೇಜಿನ ಐಸಿಯಿಂದ 2.5 ವೋಲ್ಟ್, 5 ವೋಲ್ಟಿನಿಂದ 1 ಕಿಲೋಓಮ್ ಮೂಲಕ. ಅಲ್ಲಿಂದ 15 ಕಿಲೋಓಮ್, ಅದರ ಕೆಳಗೆ 2 ಕಿಲೋಓಮ್‌ನ ಮಲ್ಟಿಟರ್ನ್ ಪ್ರಿಸೆಟ್. ಈ ಓಮ್ ಅಂಕಿಗಳನ್ನು ಸುಮ್ಮನೆ ಆರಿಸಿದ್ದಲ್ಲ. ಪ್ರಿಸೆಟ್ ಪೂರ್ತಿ ಏರಿಸಿದರೂ 294 ಮಿಲಿವೋಲ್ಟ್ ದಾಟುವುದಿಲ್ಲ, ಅಂದರೆ 29.4 ಮಿಲಿಆಂಪ್. ಮನೆಯಲ್ಲಿ ಮಗು ಬಂದು ತಿರುಗಿಸಿದರೂ ಡಯೋಡಿಗೆ ಏನೂ ಆಗಬಾರದು.

ಎಲ್‌ಎಂ 358 ಗೆ ಮಾತ್ರ 9 ವೋಲ್ಟ್ ಕೊಡಿ. ಅದರ ಔಟ್‌ಪುಟ್ ಸಪ್ಲೈಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ. 5 ವೋಲ್ಟ್ ಕೊಟ್ಟರೆ ಗೇಟಿಗೆ ಸಿಗುವುದು ಮೂರೂವರೆ, ಕೆಲವು 2ಎನ್ 7000 ಗಳಿಗೆ ಅದು ಸಾಲದು. ಗೇಟಿಗೆ 100 ಓಮ್ ಸೀರೀಸಿನಲ್ಲಿ, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. 10 ಓಮ್ ರೆಸಿಸ್ಟರಿನಿಂದ ಆಪ್‌ಆಂಪಿನ ಮೈನಸ್ ಪಿನ್ನಿಗೆ 1 ಕಿಲೋಓಮ್ ಮೂಲಕ ಬನ್ನಿ, ಆ ಮೈನಸ್ ಪಿನ್ ಮತ್ತು ಔಟ್‌ಪುಟ್ ನಡುವೆ 1 ನ್ಯಾನೊಫ್ಯಾರಡ್. ಇದಿಲ್ಲದಿದ್ದರೆ ಸರ್ಕ್ಯೂಟ್ ತೂಗಾಡಲು ಶುರು ಮಾಡಬಹುದು. ಮೀಟರ್ ಸರಾಸರಿ 28 ತೋರಿಸುತ್ತಿರುತ್ತದೆ, ನಿಜಕ್ಕೂ ಕರೆಂಟ್ ಅದರ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಡಯೋಡ್ ಹೋದ ಮೇಲೂ ಕಾರಣ ತಿಳಿಯುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಸಿಕ್ಕರೆ 10 ಓಮ್ ಮೇಲೆ ಒಂದು ಸಲ ಇಟ್ಟು ನೋಡಿ.

ಪ್ರಿಸೆಟ್ಟಿನ ನಡುಗಾಲಿನಿಂದ ಗ್ರೌಂಡಿಗೆ 100 ಕಿಲೋಓಮ್ ಹಾಕುವುದನ್ನು ಮರೆಯಬೇಡಿ. ಇಲ್ಲಿ ನಡುಗಾಲು ಸಂಪರ್ಕ ತಪ್ಪಿದರೆ ಆಪ್‌ಆಂಪಿನ ಇನ್‌ಪುಟ್ ಅನಾಥವಾಗಿ ತನ್ನಷ್ಟಕ್ಕೆ ಮೇಲೇರುತ್ತದೆ, ಜತೆಗೆ ಲೇಸರ್ ಕರೆಂಟೂ ಏರುತ್ತದೆ. 100 ಕಿಲೋಓಮ್ ಇದ್ದರೆ ಅದು ಸೊನ್ನೆಗೆ ಇಳಿಯುತ್ತದೆ. ಅದೇ ಜಾಗದಲ್ಲಿ ಒಂದು 10 ಮೈಕ್ರೊಫ್ಯಾರಡ್ ಇಟ್ಟರೆ ರೆಫರೆನ್ಸ್ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಏರುತ್ತದೆ, ಕರೆಂಟೂ ಹಾಗೇ.

ಈಗ ಮತ್ತೆ ಅದೇ ಪ್ರಶ್ನೆ: ಇದು ತಪ್ಪಿದರೆ ಎಷ್ಟು? ಲೇಸರ್ ತಂತಿ ಒಂದು ಕ್ಷಣ ಬಿಟ್ಟಿತು ಅನ್ನಿ. ಆಪ್‌ಆಂಪ್ ಗೇಟನ್ನು ಪೂರ್ತಿ ಏರಿಸುತ್ತದೆ. ತಂತಿ ಮತ್ತೆ ತಾಗಿದಾಗ ಮಾಸ್ಫೆಟ್ ಬಾಗಿಲು ಪೂರಾ ತೆರೆದು ಕೂತಿರುತ್ತದೆ. 5 ವೋಲ್ಟಿನಲ್ಲಿ 2.2 ಕಳೆದು 10 ಓಮ್: ಇನ್ನೂರು ಮಿಲಿಆಂಪ್ ಮೀರುತ್ತದೆ. ಇದಕ್ಕೂ ಬೇಲಿಯೇ ಮದ್ದು. ಲೇಸರಿನ ಜತೆ ಸೀರೀಸಿನಲ್ಲಿ 68 ಓಮ್ ಹಾಕಿ. ಮಾಮೂಲಿ ಕೆಲಸದಲ್ಲಿ ಅದು 1.9 ವೋಲ್ಟ್ ತಿನ್ನುತ್ತದೆ. 2.2, 1.9, 0.28 ಕೂಡಿಸಿದರೆ 4.4 ವೋಲ್ಟ್, ಮಾಸ್ಫೆಟ್ಟಿಗೆ ಇನ್ನೂ 0.6 ಉಳಿಯಿತು, ಅದಕ್ಕೆ ಅಷ್ಟು ಸಾಕು. ಈಗ ಮಾಸ್ಫೆಟ್ ಪೂರ್ತಿ ತೆರೆದರೂ 2.8 ವೋಲ್ಟ್ ಭಾಗಿಸು 78 ಓಮ್, 36 ಮಿಲಿಆಂಪ್. ಇನ್ನೂರು ಮೀರುತ್ತಿದ್ದದ್ದು ಮೂವತ್ತಾರಕ್ಕೆ ಬಂತು, ಒಂದು ಬಿಡಿಗಾಸಿನ ರೆಸಿಸ್ಟರಿನಿಂದ. ಇದಕ್ಕೂ ಡಯೋಡಿಗಂಟಿದ ಕೆಪಾಸಿಟರುಗಳು, ಉಲ್ಟಾ ಡಯೋಡ್, ಶಾರ್ಟ್ ಸ್ವಿಚ್ ಎಲ್ಲ ಹಾಗೇ ಇರಲಿ.

ಯಾವುದನ್ನು ಮಾಡಲಿ ಅಂದರೆ, ನಿಮ್ಮ ಪ್ರಾಜೆಕ್ಟಿಗೆ ನಾನು ಎಲ್‌ಎಂ 317 ಅನ್ನೇ ಹೇಳುತ್ತೇನೆ. ಭಾಗ ಕಡಿಮೆ, ತಪ್ಪಲು ಜಾಗ ಕಡಿಮೆ. ಮುಂದೆ ಲೇಸರನ್ನು ಸಿಗ್ನಲ್ಲಿನಿಂದ ಏರಿಸಿ ಇಳಿಸುವ ಕೆಲಸ ಬಂದಾಗ ಆಪ್‌ಆಂಪಿಗೆ ಹೋಗಿ.

ಕಟ್ಟಿದ ಮೇಲೆ ಡಮ್ಮಿ ಲೋಡ್. ಮೂರು 1ಎನ್ 4007 ಸಾದಾ ಡಯೋಡ್ ಸೀರೀಸಿನಲ್ಲಿ, ಜತೆಗೆ ಒಂದು 1 ಓಮ್ ರೆಸಿಸ್ಟರ್. ಮೂರು ಸೇರಿ ಸುಮಾರು 2.1 ವೋಲ್ಟ್, ಕೆಂಪು ಲೇಸರಿನ ಹತ್ತಿರವೇ. 1 ಓಮ್ ಮೇಲೆ ಮೀಟರನ್ನು 200 ಮಿಲಿವೋಲ್ಟ್ ರೇಂಜಿನಲ್ಲಿ ಇಡಿ, ಅದು ತೋರಿಸುವ ಮಿಲಿವೋಲ್ಟೇ ನಿಮ್ಮ ಮಿಲಿಆಂಪ್. ಮೀಟರನ್ನು ಇನ್ನು ಮುಂದೆ ಯಾವತ್ತೂ ಲೇಸರಿನ ಸೀರೀಸಿನಲ್ಲಿ ಹಾಕಬೇಡಿ. ಈ 1 ಓಮ್ ಅನ್ನು ಕೊನೆಯವರೆಗೂ ಸರ್ಕ್ಯೂಟಿನಲ್ಲೇ ಬಿಟ್ಟರೆ ಬೇಕಾದಾಗ ಅಳೆಯಬಹುದು. ಡಮ್ಮಿಯ ಮೇಲೆ ಇಪ್ಪತ್ತು ಸಲ ಆನ್ ಆಫ್ ಮಾಡಿ, ಅಡಾಪ್ಟರನ್ನು ಗೋಡೆಯಿಂದ ಎಳೆದು ಚುಚ್ಚಿ, ಬೋರ್ಡನ್ನು ಬೆರಳಿನಿಂದ ತಟ್ಟಿ. ಅಳತೆ ಅಲುಗಬಾರದು.

ಡಯೋಡನ್ನು ಹಾಕುವ ದಿನ ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಊರಿನ ಗಾಳಿ ಒಣಗಿರುತ್ತದೆ, ಟೆರಿಕಾಟ್ ಅಂಗಿ ತೆಗೆಯುವಾಗ ಚಟಪಟ ಅನ್ನುವುದು ನಿಮಗೂ ಗೊತ್ತು. ಆ ಕಿಡಿಯ ಹತ್ತರಲ್ಲಿ ಒಂದು ಪಾಲೂ ಇದಕ್ಕೆ ಬೇಡ. ಸೋಲ್ಡರಿಂಗ್ ಐರನ್ ಮೂರು ಪಿನ್ನಿನದಾಗಿರಲಿ, ಸಾಕೆಟ್ಟಿನಲ್ಲಿ ಅರ್ತ್ ನಿಜಕ್ಕೂ ಇದೆಯಾ ಎಲೆಕ್ಟ್ರಿಷಿಯನ್ನಿಗೆ ಹೇಳಿ ನೋಡಿಸಿ, ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಲೆಕ್ಕಕ್ಕೆ ಇರುತ್ತದೆ. ಅನುಮಾನ ಇದ್ದರೆ ಐರನ್ ಕಾದ ಮೇಲೆ ಪ್ಲಗ್ ತೆಗೆದು ಬೆಸುಗೆ ಹಾಕಿ. ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಬೇಡ. ಕಾಲುಗಳಿಗೆ ಸುತ್ತಿದ ತಾಮ್ರದ ತಂತಿ ಬಿಚ್ಚುವುದು ಎಲ್ಲ ಬೆಸುಗೆ ಮುಗಿದು, ಶಾರ್ಟ್ ಸ್ವಿಚ್ ಮುಚ್ಚಿದ ಮೇಲೆ.

ಎಷ್ಟು ಕರೆಂಟ್ ಅಂತ ಕೇಳಿದ್ದಿರಿ. ಡಯೋಡಿನ ಡೇಟಾಶೀಟ್ ಸಿಕ್ಕರೆ ಅದನ್ನೇ ನಂಬಿ. ಸಿಗದಿದ್ದರೆ ಹೊಸಿಲನ್ನು ನೀವೇ ಹುಡುಕಬಹುದು, ಅದು ಚಂದದ ಕೆಲಸ. ಪ್ರಿಸೆಟ್ಟನ್ನು 14 ಮಿಲಿಆಂಪಿಗೆ ಇಟ್ಟು, ಬೆಳಕನ್ನು ಒಂದು ಬಿಳಿ ಕಾಗದದ ಮೇಲೆ ಬೀಳಿಸಿ. ಕಾಗದ ಹೊಳಪಿಲ್ಲದ್ದಾಗಿರಲಿ. ಮಂದ ಕೆಂಪು ಕಲೆ, ನಯವಾಗಿ ಕಾಣುತ್ತದೆ. ಒಂದೊಂದೇ ಮಿಲಿಆಂಪ್ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಆ ಕಲೆ ಇದ್ದಕ್ಕಿದ್ದಂತೆ ರವೆ ರವೆಯಾಗುತ್ತದೆ, ಬನ್ಸಿ ರವೆ ಚೆಲ್ಲಿದ ಹಾಗೆ, ತಲೆ ಅಲುಗಿಸಿದರೆ ಆ ಕಾಳುಗಳೂ ಮಿನುಗುತ್ತಾ ಸರಿಯುತ್ತವೆ. ಅದು ಲೇಸರ್ ಬೆಳಕಿನ ಗುರುತು, ಅಲ್ಲೇ ಹೊಸಿಲು. ಆ ಅಂಕಿ ಬರೆದುಕೊಳ್ಳಿ. ಅಲ್ಲಿಂದ ಐದಾರು ಮಿಲಿಆಂಪ್ ಮೇಲೆ ನಿಲ್ಲಿಸಿ, ಹೊಸಿಲು 20 ಆಗಿದ್ದರೆ 25 ಅಥವಾ 26. ಎರಡೂವರೆ ಮೂರು ಮಿಲಿವಾಟ್ ಬೆಳಕು ರೇಷ್ಮೆ ಎಳೆಗೆ ಧಾರಾಳ, ರೂಮು ಕತ್ತಲೆ ಮಾಡಿದರೆ ಪಟ್ಟಿಗಳು ಚೆನ್ನಾಗಿ ಕಾಣುತ್ತವೆ.

ಕಣ್ಣಿನ ವಿಷಯ ಗಟ್ಟಿಯಾಗಿ ಹೇಳಬೇಕು. 5 ಮಿಲಿವಾಟಿನವರೆಗಿನ ಈ ಕೆಂಪು ಲೇಸರ್ ಸುರಕ್ಷತೆಯ ಲೆಕ್ಕದಲ್ಲಿ 3ಆರ್ ವರ್ಗಕ್ಕೆ ಬರುತ್ತದೆ. ಕಣ್ಣಿಗೆ ನೇರ ಬೀಳಬಾರದು. ಕಿರಣ ಕೂತಾಗಲೂ ನಿಂತಾಗಲೂ ಕಣ್ಣಿನ ಮಟ್ಟಕ್ಕೆ ಬರದ ಹಾಗೆ ಮೇಜಿನ ಹತ್ತಿರ ಇಡಿ, ಕೊನೆಯಲ್ಲಿ ಕಪ್ಪು ರಟ್ಟು ಇರಲಿ. ಕೈಗಡಿಯಾರ, ಸ್ಟೀಲ್ ಲೋಟ, ಬಳೆ ಹತ್ತಿರ ಬೇಡ. ಅಗ್ಗಕ್ಕೆ ಸಿಕ್ಕಿತು ಅಂತ 808 ಅಥವಾ 980 ನ್ಯಾನೊಮೀಟರಿನ ಡಯೋಡ್ ತಂದು ಇದೇ ರೀತಿ ಆಡಬೇಡಿ, ಅದರ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ರೆಪ್ಪೆ ಮುಚ್ಚಿಕೊಳ್ಳುವ ಮೊದಲೇ ಒಳಗೆ ಸುಟ್ಟಿರುತ್ತದೆ.

ಇನ್ನೊಂದು ಉಳಿಯಿತು. ನಿಮ್ಮ ಡಯೋಡಿಗೆ ಮೂರು ಕಾಲಿದ್ದರೆ ಒಂದು ಲೇಸರಿನದು, ಒಂದು ಒಳಗಿರುವ ಪುಟ್ಟ ಫೋಟೊಡಯೋಡಿನದು, ಒಂದು ಎರಡಕ್ಕೂ ಸೇರಿದ್ದು. ಸೇರಿದ ಕಾಲು ಸಾಮಾನ್ಯವಾಗಿ ಲೋಹದ ಮೈಗೂ ತಾಗಿರುತ್ತದೆ. ಅದು ಲೇಸರಿನ ಪ್ಲಸ್ಸಾ ಮೈನಸ್ಸಾ ಅನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಹಿತ್ತಾಳೆ ಹೌಸಿಂಗನ್ನು ಗ್ರೌಂಡಿಗೆ ತಾಗಿಸುವ ಮೊದಲು ಇದು ಗೊತ್ತಿರಲೇಬೇಕು. ಹೋದ ಎರಡು ಡಯೋಡ್ ಇವೆಯಲ್ಲ, ಎಸೆಯಬೇಡಿ, ಈಗ ಅವು ಉಪಯೋಗಕ್ಕೆ ಬಂದವು. ಮಲ್ಟಿಮೀಟರಿನ ಡಯೋಡ್ ಟೆಸ್ಟಿನಲ್ಲಿ ಅವುಗಳ ಕಾಲುಗಳನ್ನು ಎರಡೆರಡಾಗಿ, ಎರಡೂ ದಿಕ್ಕಿನಲ್ಲಿ ಅಳೆಯಿರಿ. ಫೋಟೊಡಯೋಡ್ 0.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಲೇಸರ್ ಒಂದೂವರೆಗಿಂತ ಮೇಲೆ ತೋರಿಸುತ್ತದೆ ಅಥವಾ ಮೀಟರಿಗೆ ಎಟುಕುವುದೇ ಇಲ್ಲ. ಆ ಆರು ಅಂಕಿಗಳನ್ನೂ ಡಯೋಡಿನ ಮೇಲಿನ ಬರಹವನ್ನೂ ಬರೆದು ಕಳಿಸಿ, ಯಾವ ಕಾಲನ್ನು ಎಲ್ಲಿಗೆ ಕೊಡಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಮೂರನೆಯದರ ತಾಮ್ರದ ತಂತಿ ಬಿಚ್ಚಬೇಡಿ.